ಹಳೆಯ ಅಂಗಡಿಯ ಬಾಗಿಲನ್ನು ಅಂದೇ ಮುಚ್ಚಬೇಡಿ

ರಾಣೇಬೆನ್ನೂರು
ತುಂಗಭದ್ರೆ ದಾರಿ ಬದಲಿಸಿದ ತೊಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಎರಡನೆಯ ಬೇಸಿಗೆ

ಮಾನ್ಯ ಅನಸೂಯಾ ಹಲಗೇರಿ ಅವರಿಗೂ ಮೌಲಾಲಿ ನದಾಫ್ ಅವರಿಗೂ ನೀಲಗಂಗಾ ಕುಪ್ಪೇಲೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಯಾರೋ ತಮಾಷೆ ಮಾಡಿದ್ದಾರೆಂದು ಈ ಓಲೆಯನ್ನು ಬದಿಗಿಡಬೇಡಿ. ನಿಮ್ಮ ಪಂಚಾಂಗದಲ್ಲಿ ಹದಿಮೂರನೆಯ ತಿಂಗಳಿಲ್ಲ; ನಮಗೆ ಅದನ್ನು ಬಿಸಿಲು ಸೇರಿಸಿಕೊಟ್ಟಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಹಿಂದಿನ ಕಾಲದವರಿಗೆ ಬರೆಯುವ ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆಗೆ ಅನುಮತಿ. ಹೆಚ್ಚಿನವರು ಅದನ್ನು ತೀರಿಕೊಂಡವರಿಗಾಗಿ ಬಳಸುತ್ತಾರೆ. ನನ್ನ ಗಂಡ ಹಾಸಿಗೆ ಹಿಡಿದಾಗ ಬಳಗದವರೆಲ್ಲ “ಬರಿಯವಾ, ಇನ್ನ ಯಾತಕ್ಕ ಇಟ್ಕೊಂಡೀ” ಎಂದು ಗಂಟುಬಿದ್ದರು. ನನ್ನವರೇ ತಡೆದರು. ಚಿಕ್ಕವರಿಗೆ ಬೇಕಾದೀತು, ಇಟ್ಟುಕೋ ಎಂದರು. ಅದನ್ನೀಗ ಒಂದು ಅಂಗಡಿಯ ಸಲುವಾಗಿ ಖರ್ಚು ಮಾಡುತ್ತಿದ್ದೇನೆ. ನಗಬೇಡಿ. ಆ ಅಂಗಡಿ ನಿಮ್ಮದೇ.

ನಿಮ್ಮಿಬ್ಬರ ಮನೆಗಳ ಮಕ್ಕಳಿಗೂ ಪ್ರೋಟೀನು ಅರಗುವುದಿಲ್ಲ. ಬೇಳೆ, ಹಾಲು, ಜೋಳದ ರೊಟ್ಟಿ, ಬೇರೆ ಮಕ್ಕಳಿಗೆ ಬಲ ಕೊಡುವುದೆಲ್ಲ ಅವರ ಮಿದುಳಿಗೆ ನಿಧಾನ ವಿಷ. ಅದಕ್ಕಾಗಿ ಪ್ರೋಟೀನು ತೆಗೆದ ಹಿಟ್ಟು ಮಾಡಿಸಿ, ನಿಮ್ಮಂತೆಯೇ ಕಂಗಾಲಾದ ತಂದೆತಾಯಿಗಳಿಗೂ ಸಿಗಲೆಂದು ಆನ್‌ಲೈನ್ ಅಂಗಡಿ ತೆರೆದಿರಿ. ಅದು ಇನ್ನೂ ನಡೆಯುತ್ತಿದೆ. ಮೈಲಾರದಿಂದ ಕಾರವಾರದವರೆಗೆ ಅಂಥ ಮಕ್ಕಳಿರುವ ಪ್ರತಿ ಮನೆಗೂ ನಿಮ್ಮ ಹೆಸರು ಗೊತ್ತು. ನೀವು ಅಂಗಡಿಯ ಬಗ್ಗೆ ಆಡಿದ ಮಾತುಗಳನ್ನು, ಅದನ್ನೀಗ ನಡೆಸುವ ಆಡಳಿತ ಮಂಡಳಿಯ ಕಟ್ಟಡದಲ್ಲಿ ಕಲ್ಲಿನ ಗೋಡೆಯೊಂದರ ಮೇಲೆ ಕೆತ್ತಿಸಿದ್ದಾರೆ. ಅದಕ್ಕೆ ಮೂಲನುಡಿ ಎನ್ನುತ್ತಾರೆ. ಮಂಡಳಿಯವರು ಪುಸ್ತಕ ಓದುವುದಿಲ್ಲ, ಲೆಕ್ಕ ಕೇಳುವುದಿಲ್ಲ, ನನ್ನ ಮಾತಂತೂ ಕೇಳುವುದೇ ಇಲ್ಲ. ಆ ಗೋಡೆಯ ಮಾತನ್ನು ಮಾತ್ರ ಮೀರುವುದಿಲ್ಲ.

ನಮ್ಮ ಊರನ್ನು ನೀವು ಗುರುತಿಸಲಾರಿರಿ. ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟುತ್ತೇವೆ. ಮೇಲೆ ಕಾಣುವುದು ಕಿಟಕಿ ಮತ್ತು ತುಳಸಿಕಟ್ಟೆ ಮಾತ್ರ. ಸಂತೆ ನಸುಕಿನಲ್ಲೇ ಮುಗಿಯುತ್ತದೆ. ಹೊತ್ತೇರಿದ ಮೇಲೆ ಬೀದಿಯಲ್ಲಿ ನಾಯಿಯೂ ಕಾಣದು. ನಿಮ್ಮಂತೆ ಎಲ್ಲರ ಕೈಯಲ್ಲೂ ಫೋನಿಲ್ಲ. ಓಣಿಗೊಂದು ಗಾಜುಕಟ್ಟೆ ಇದೆ, ಹೆಂಗಸರು ನೀರಿಗೆ ಬಂದಾಗ ಅದರ ಮೇಲೆ ಕೈಯೂರಿ ಬೇಕಾದ್ದನ್ನು ತರಿಸಿಕೊಳ್ಳುತ್ತಾರೆ. ಸರಕು ನೆರಳುಬಂಡಿಗಳಲ್ಲಿ ಬರುತ್ತದೆ, ಅಂದರೆ ಸೂರ್ಯ ಇಳಿದ ಮೇಲಷ್ಟೇ ಹೊರಡುವ ಬಂಡಿಗಳು. ಈ ಸೆಕೆಯಲ್ಲಿ ಹಿಟ್ಟು ಬಹಳ ದಿನ ತಡೆಯುವುದಿಲ್ಲ, ಮುದ್ದೆಗಟ್ಟಿ ಹುಳಿವಾಸನೆ ಹೊಡೆಯುತ್ತದೆ. ಆದ್ದರಿಂದ ಯಾರೂ ಕೂಡಿಡಲಾರರು. ಪ್ರತಿ ಮನೆಗೂ ತಿಂಗಳ ಕಟ್ಟು ಎಂಬ ಏರ್ಪಾಡಿದೆ. ಒಮ್ಮೆ ಹೇಳಿಟ್ಟರೆ ಸಾಕು, ಕೇಳದೆಯೇ ಹಿಟ್ಟು ಬರುತ್ತಿರುತ್ತದೆ. ಗಿರಣಿಯವರು ತಿಂಗಳ ಕಟ್ಟು ಇದ್ದವರಿಗೆ ಮೊದಲು ಬೀಸುತ್ತಾರೆ. ಹೊಸಬರು ಒಂದಿಡೀ ಬೇಸಿಗೆ ಕಾಯಬೇಕು.

ನನ್ನ ಮೊಮ್ಮಗಳು ಫಕೀರವ್ವ ತಿಂಗಳ ಕಟ್ಟಿನವಳು. ಹೌದು, ಹಳೆಯ ಹೆಸರುಗಳೆಲ್ಲ ಮರಳಿ ಬಂದಿವೆ. ಬಾಯಿಬಡಕಿ. ತನ್ನ ಹಿಟ್ಟಿನ ರೊಟ್ಟಿಗೆ ರುಚಿಯಿಲ್ಲವೆಂದು ದಿನವೂ ಜಗಳ ತೆಗೆಯುತ್ತಾಳೆ. “ಅಜ್ಜೀ, ಇದು ರೊಟ್ಟಿ ಅಲ್ಲ, ರೊಟ್ಟಿ ಫೋಟೋ” ಎನ್ನುತ್ತಾಳೆ. ಹಾಗೆ ಹೇಳುವ ಬುದ್ಧಿ ಅವಳಿಗಿರುವುದೇ ಆ ಹಿಟ್ಟಿನಿಂದ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಂಗಡಿಯನ್ನು ಬೇರೆ ಪ್ಲಾಟ್‌ಫಾರ್ಮಿಗೆ ಸಾಗಿಸಬೇಕೆಂದು ನೀವೀಗ ಓಡಾಡುತ್ತಿದ್ದೀರಿ. (ಆನ್‌ಲೈನ್ ಅಂಗಡಿ ನಿಂತಿರುವ ಆ ತಂತ್ರಾಂಶವನ್ನು ನಾವು ನೆಲಗಟ್ಟು ಎನ್ನುತ್ತೇವೆ.) ಮುಂದೆ ಏನಾಯಿತೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಒಳ್ಳೆಯ ಮುಹೂರ್ತ ನೋಡಿದಿರಿ. ಹೊಸ ವೆಬ್‌ಸೈಟ್ ತೆರೆಯುವ ಗಳಿಗೆಗೆ ಆಫೀಸಿನ ಒಲೆಯ ಮೇಲೆ ಹಾಲು ಉಕ್ಕಿಸಿದಿರಿ. ಹೊಸ ಮನೆಯಲ್ಲಿ ಹಾಲುಕ್ಕಿದ ಮೇಲೆ ಹಳೆಯ ಮನೆಯಲ್ಲಿ ರಾತ್ರಿ ಕಳೆಯಬಾರದೆಂದು ಹಿರಿಯರೊಬ್ಬರು ಹೇಳಿದರು. ಅವತ್ತೇ ಸಂಜೆ ಹಳೆಯ ಅಂಗಡಿಯನ್ನು ಅಳಿಸಿಹಾಕಿದಿರಿ. ಯಾವ ಮಗುವಿಗೂ ತೊಂದರೆಯಾಗಲಿಲ್ಲ. ಗೋಡೆಯ ಮೇಲೆ ಹೀಗಿದೆ: “ಹಾಲುಕ್ಕಿತು, ಹಳೆಯ ಬಾಗಿಲು ಮುಚ್ಚಿದೆವು, ಒಂದು ಕಾಳೂ ಕಳೆಯಲಿಲ್ಲ.” ನಿಮ್ಮ ಸಂತೋಷದ ಆ ಒಂದು ಮಾತು ನಮಗೆ ಕಾನೂನಾಗಿದೆ. ಅಂದಿನಿಂದ ಯಾವ ಅಂಗಡಿ ನೆಲಗಟ್ಟು ಬದಲಿಸಿದರೂ ಹಾಲುಕ್ಕಿಸಿ, ಅಂದೇ ಹಳೆಯದನ್ನು ಅಳಿಸುತ್ತಾರೆ.

ನಾಡಿದ್ದು ನಮ್ಮ ಅಂಗಡಿಯ, ಅಂದರೆ ನಿಮ್ಮದೇ ಅಂಗಡಿಯ, ಸರದಿ.

ಮಂಡಳಿಯ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ: ಸರಕಿನ ಪಟ್ಟಿ ಹೊಸ ಕಡೆಗೆ ಹೋಗುತ್ತದೆ, ಗಿರಾಕಿಗಳ ಹೆಸರು, ವಿಳಾಸ ಹೋಗುತ್ತವೆ, ಸರಿ, ತಿಂಗಳ ಕಟ್ಟು ಹೋಗುತ್ತದೆಯೇ? ಅದು ಹಳೆಯ ನೆಲಗಟ್ಟಿನ ಭಾಗವೇ ಅಲ್ಲ, ಪಕ್ಕದಲ್ಲಿ ಯಾರೋ ಅಂಟಿಸಿದ ಬೇರೆ ಏರ್ಪಾಡು. ಅದನ್ನು ಬೇರೆಯಾಗಿಯೇ ಹೊತ್ತೊಯ್ಯಬೇಕು, ಒಯ್ದದ್ದು ಮುಟ್ಟಿತೇ ಎಂದು ನೋಡಬೇಕು, ಅಲ್ಲಿಯವರೆಗೆ ಹಳೆಯ ಅಂಗಡಿ ಉಸಿರಾಡುತ್ತಿರಬೇಕು ಎಂದೆ. ಅಧ್ಯಕ್ಷ ಸಂಗನಗೌಡ ಮೀಸೆಯಲ್ಲೇ ನಕ್ಕರು. “ನೀಲಗಂಗಕ್ಕಾರ, ಮದುವಿ ಆದ ಮ್ಯಾಲೂ ತವರಮನಿ ಹೊಸ್ತಿಲದಾಗ ಕುಂದರೂದೇನ್ರೀ?” ಸಭೆಯೆಲ್ಲ ಗೊಳ್ಳೆಂದಿತು. “ಕುಂದರೂದಿಲ್ಲ ಗೌಡ್ರ, ಖರೆ. ಆದ್ರ ಮಗಳು ಗಂಡನ ಮನೀಗೆ ಹೋದ ದಿನಾನ ತವರಮನಿ ಕೆಡವೂದಿಲ್ಲ ಯಾರೂ” ಎಂದೆ. ಹೆಂಗಸರ ಸಾಲಿನಿಂದ ಯಾರೋ “ಭೇಷ್” ಎಂದರು. ಗೌಡರಿಗೆ ಸಿಟ್ಟು ಬಂತು. “ಏನರ ತಪ್ಪಿದ್ರ ಜನಾ ಸುಮ್ಮ ಇರ್ತಾರೇನು? ಹೇಳ್ತಾರ, ಸರಿ ಮಾಡೂಣು” ಎಂದರು. ಆಮೇಲೆ ಗೋಡೆಯತ್ತ ಬೆರಳು ತೋರಿಸಿ ಕೂತರು. ಅಲ್ಲಿಗೆ ಸಭೆ ಮುಗಿಯಿತು.

ಜನ ಹೇಳುವುದಿಲ್ಲ, ಅನಸೂಯಾ ಅವರೇ. ಅದೇ ನನ್ನ ಸಂಕಟ. ಆರ್ಡರ್ ಮಾಡಿದವನು ಸರಕು ಬರದಿದ್ದರೆ ಕೂಗಾಡುತ್ತಾನೆ. ತಾನಾಗಿ ಬರುವುದನ್ನು ನಂಬಿ ಕೂತವರು ಕಾಯುತ್ತಾರೆ. ಬ್ಯಾಡಗಿಯ ಕಡೆ ಇದೇ ಹಿಟ್ಟು ಮಾರುವ ಇನ್ನೊಂದು ಅಂಗಡಿ ಹೋದ ಬೇಸಿಗೆ ನೆಲಗಟ್ಟು ಬದಲಿಸಿತು. ಹಾಲು ಉಕ್ಕಿತು, ಹಳೆಯದು ಅಳಿಯಿತು, ದೂರು ಬರಲಿಲ್ಲ, ಎಲ್ಲ ಸರಿಯಾಗಿದೆ ಎಂದುಕೊಂಡರು. ಸೋಮಲಿಂಗ ಎಂಬ ಹುಡುಗನ ಮನೆಯಲ್ಲಿ, ಸ್ಥಳಾಂತರದ ಗಡಿಬಿಡಿಯಲ್ಲಿ ಬಂಡಿ ತಡವಾಗಿರಬೇಕೆಂದು ಕಾದರು. ಹಸಿವೆಯಿಂದ ಅಳುವ ಮಗುವಿಗೆ ತಾಯಿ ಮೊದಲು ಗಂಜಿ ಕೊಟ್ಟಳು, ಆಮೇಲೆ ನಮ್ಮೆಲ್ಲರ ರೊಟ್ಟಿಯನ್ನೇ ಚೂರು ಚೂರಾಗಿ. ಕೊನೆಗೆ ಗಾಜುಕಟ್ಟೆಗೆ ಹೋಗಿ ಕೇಳಿದರೆ, ನಿಮ್ಮ ಹೆಸರಿದೆ, ತಿಂಗಳ ಕಟ್ಟು ಇಲ್ಲ, ಹೊಸಬರ ಸಾಲಿಗೆ ಬನ್ನಿ ಎಂಬ ಉತ್ತರ. ಹಿಂದಿನದನ್ನು ತೋರಿಸೋಣವೆಂದರೆ ಹಳೆಯ ಅಂಗಡಿಯೇ ಇಲ್ಲ. ನಾನು ಹೋಗಿ ಆ ಮಗುವನ್ನು ನೋಡಿ ಬಂದಿದ್ದೇನೆ. ತಾಯಿ ಕರೆದರೆ ಅವನು ಬೇರೆ ಕಡೆ ನೋಡುತ್ತಾನೆ. ಊರವರು ಅದನ್ನು ಹಣೆಬರಹವೆಂದರು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯರ ಉದಾಸೀನಕ್ಕೆ ದೇವರ ಹೆಸರಿಡುವುದನ್ನು ಈ ಊರು ಎಂದು ಬಿಟ್ಟೀತೋ!

ನಿಮಗೆ ಅಂಥದ್ದೇಕೆ ಆಗಲಿಲ್ಲವೆಂದು ನನಗೆ ಗೊತ್ತು. ಗೋಡೆಗೆ ಗೊತ್ತಿಲ್ಲ, ಮಂಡಳಿಗೆ ಗೊತ್ತಿಲ್ಲ. ನನ್ನ ಅಜ್ಜಿಯ ಅಜ್ಜಿ ನಿಮ್ಮ ಹಿಟ್ಟು ತಿಂದು ಬೆಳೆದವಳು. ಅವಳ ತಾಯಿಗೆ ಬಂದ ಫೋನಿನ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದಿದೆ. ಅನಸೂಯಾ ಅವರೇ, ನೀವು ಹಾಲುಕ್ಕಿಸಿದ ವಾರವೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿದಿರಿ. “ಹಿಟ್ಟು ಬಂತೇನ ತಂಗಿ? ಬರೇ ಬಂತು ಅನಬ್ಯಾಡ, ಚೀಲಾ ಬಿಚ್ಚಿ ನೋಡಿ ಹೇಳು.” ಬರದವರ ಮನೆಗೆ ಮೌಲಾಲಿಯವರು ಸ್ಕೂಟರಿನಲ್ಲಿ ಹೊತ್ತೊಯ್ದರು. ಆಗ ಇದ್ದದ್ದು ಕೆಲವೇ ಮನೆಗಳು, ಆದ್ದರಿಂದ ಸಾಗಿತು. ಅದನ್ನು ಹೇಳಿಕೊಳ್ಳುವಂಥ ಕೆಲಸವೆಂದು ನೀವು ತಿಳಿಯಲಿಲ್ಲ. ಹಾಲಿನ ಮಾತು ಹೇಳಿದಿರಿ, ಫೋನಿನ ಮಾತು ಬಿಟ್ಟಿರಿ. ನಿಮ್ಮ ವಿನಯದ ಮೇಲೆ ನನಗೆ ಎಷ್ಟು ಕೋಪವಿದೆಯೆಂದು ಹೇಗೆ ಬರೆಯಲಿ?

ಹಾಲು ಉಕ್ಕಿಸಬೇಡಿ ಎನ್ನುತ್ತಿಲ್ಲ. ಉಕ್ಕಿಸಿ, ಹಂಚಿ, ಹಬ್ಬ ಮಾಡಿ. ಆದರೆ ಹಳೆಯ ಅಂಗಡಿಯ ಪೂರಾ ನಕಲೊಂದನ್ನು ಮೊದಲೇ ತೆಗೆದಿಡಿ. ಬೇರೆ ಯಾರಿಗೂ ತೆರೆಯುವ ಮುಂಚೆ ನೀವೇ ಗಿರಾಕಿಯಾಗಿ ಹೊಸ ಅಂಗಡಿಯಿಂದ ಒಂದು ಚೀಲ ತರಿಸಿ ನೋಡಿ. ಹಳೆಯ ಲಿಂಕ್ ಒತ್ತಿದ ತಾಯಿ ಖಾಲಿ ಪುಟದ ಮುಂದೆ ನಿಲ್ಲದೆ ಹೊಸ ಬಾಗಿಲಿಗೆ ಬಂದು ಸೇರುವಂತೆ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಮನೆಯ ಕೊನೆಯ ಮಗುವಿಗೆ ಹೊಸ ಅಂಗಡಿಯಿಂದ ಹಿಟ್ಟು ಮುಟ್ಟುವವರೆಗೆ ಹಳೆಯದನ್ನು ಅಳಿಸಬೇಡಿ. ಆಮೇಲೆ ಯಾರಾದರೂ ಬಂದು ಹೇಗೆ ಮಾಡಿದಿರಿ ಎಂದು ಕೇಳಿದಾಗ, ನಾಚಿಕೊಳ್ಳದೆ, ನಾಲ್ಕು ಜನರೆದುರು ಇದನ್ನೇ ಹೇಳಿ: ಪ್ರತಿಯೊಬ್ಬರನ್ನೂ ಕೇಳಿದೆವು, ಆಮೇಲೆ ಮುಚ್ಚಿದೆವು. ಅಷ್ಟು ಸಾಕು. ನೀವು ಹೇಳಿದರೆ ಅದು ಗೋಡೆಗೆ ಏರುತ್ತದೆ. ಗೋಡೆಯಲ್ಲಿದ್ದರೆ ಗೌಡರು ತಲೆಬಾಗುತ್ತಾರೆ.

ನನಗೆ ಬೇರೆ ದಾರಿ ಉಳಿದಿಲ್ಲ. ಓದಿದ್ದು, ವಾದಿಸಿದ್ದು, ಮನೆಮನೆಗೆ ಹೋಗಿ ಕಾಲು ಹಿಡಿದದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹಿಂದೋಲೆ ತಲುಪಿದರೆ ಬರೆದವರಿಗೆ ಅದರ ಸುದ್ದಿ ಬರುವುದಿಲ್ಲ; ಲೋಕ ಸುಮ್ಮನೆ ಮೊದಲಿಂದಲೂ ಹಾಗೆಯೇ ಇದ್ದಂತೆ ಬದಲಾಗಿರುತ್ತದೆ ಎನ್ನುತ್ತಾರೆ. ಆದ್ದರಿಂದ ಮುಹೂರ್ತದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಂಡಳಿಯ ಕಟ್ಟಡಕ್ಕೆ ಹೋಗುತ್ತೇನೆ, ಫಕೀರವ್ವನನ್ನೂ ಕರೆದುಕೊಂಡು. ನನ್ನ ಕಣ್ಣು ಮಂಜಾಗಿದೆ. ಗೋಡೆಯ ಮಾತು ಬದಲಾಗಿದೆಯೇ ಎಂದು ಕೊನೆಯ ಸಾಲುಗಳನ್ನು ಅವಳೇ ಗಟ್ಟಿಯಾಗಿ ಓದಿ ಹೇಳಬೇಕು. ಅವಳು ಓದಬಲ್ಲಳು. ಈ ಹೊತ್ತಿನವರೆಗೆ ಓದಬಲ್ಲಳು.

ನಿಮ್ಮ ಮಕ್ಕಳು ಚೆನ್ನಾಗಿರಲಿ.

ನೀಲಗಂಗಾ ಕುಪ್ಪೇಲೂರ