ಗಡಿ ಸೇತುವೆಯ ಪೌಣೇ ಮೂರು ಇಂಚು

ನನ್ನ ಕುಲಕರ್ಣಿ ಸರ್‌ಗೆ,

ನೀವು ಹೋಗಿ ಎಂಟು ತಿಂಗಳಾಯಿತು. ಮಲೇಷ್ಯಾ-ಥಾಯ್ಲೆಂಡ್ ಗಡಿಯಲ್ಲಿ ನಮ್ಮ ಹಳೆ ಸೇತುವೆಯ ಪಕ್ಕದಲ್ಲೇ ಹೊಸದೊಂದು ಏಳುತ್ತಿದೆ. ಹಳೆಯದರ ಚರಿತ್ರೆಯನ್ನು ನಾಲ್ಕು ಪುಟದಲ್ಲಿ ಬರೆದುಕೊಡಬೇಕೆಂದು ಆಫೀಸಿನವರು ನನಗೆ ಹೇಳಿದ್ದಾರೆ. ಕೊಟ್ಟ ಹಳೆ ಟಿಪ್ಪಣಿಯಲ್ಲಿ ನಿಮ್ಮ ಬಗ್ಗೆ ಒಂದೇ ಸಾಲಿದೆ: ‘ಹಿರಿಯ ಎಂಜಿನಿಯರರ ದೃಷ್ಟಿದೋಷದಿಂದ ಅಳತೆ ತಪ್ಪಿ, ಮೂರು ದಿನ ಲಾರಿಗಳನ್ನು ತಡೆಯಬೇಕಾಯಿತು.’ ಆ ಸಾಲಿನ ವಿಷಯಕ್ಕೇ ಈ ಕಾಗದ.

ಮೊದಲ ಸಲ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ಸೇತುವೆಯ ಅಂಚಿನ ಕಂಬಿಯ ಹತ್ತಿರ ನಿಲ್ಲಿಸಿ, ಸೇತುವೆಗೆ ಮುಂಚಿನ ಕತೆ ಹೇಳಿದಿರಿ. ಅಕ್ಕಿ ಮೂಟೆಯೊಂದಿಗೆ ದೋಣಿಯಲ್ಲಿ ದಾಟುತ್ತಿದ್ದ ಹೆಂಗಸರು, ಮದುವೆಯಾಗಿ ಆಚೆ ದಡಕ್ಕೆ ಹೋದ ಅಕ್ಕ, ಈಚೆ ಉಳಿದ ತಂಗಿ. ಸೇತುವೆ ಬಂದ ಮೇಲೂ ಕಂಬಿಗೆ ಅರ್ಧ ಅವರ ಬಣ್ಣ, ಅರ್ಧ ನಮ್ಮದು. “ನೋಡ್ರೀ ಮೈಸೂರು, ಬಣ್ಣ ಎಲ್ಲಿ ಬದಲಾಗ್ತದೋ ಅಲ್ಲಿಗೆ ದೇಶ ಮುಗೀತು,” ಎಂದಿರಿ. ಊರು ಮೈಸೂರಾದರೂ ನನಗೆ ಶೈಲಜಾ ಎಂಬ ಹೆಸರಿದೆ ಸರ್ ಎಂದರೆ, “ಇರ್ಲಿ ಬಿಡ್ರಿ, ಪಾಸ್‌ಪೋರ್ಟಿನಾಗ ಇರ್ಲಿ,” ಎಂದು ನಕ್ಕಿರಿ. ಆಗ ನನಗೆ ಸಿಟ್ಟೇ ಬಂದಿತ್ತು.

ಬಣ್ಣ ಬದಲಾಗುವಲ್ಲೇ ಆ ಸಂದು, ಸೇತುವೆ ಬಿಸಿಲಿಗೆ ಹಿಗ್ಗಲೆಂದು ಬಿಟ್ಟ ಜಾಗ. ಒಂದು ವರ್ಷ ನಾವು ಅಳೆಯಬೇಕು, ಮರುವರ್ಷ ಆಚೆಯವರು. ನಿಮ್ಮದು ಧಾರವಾಡದಿಂದ ತಂದ ಇಂಚಿನ ಟೇಪು. ನೀವು ಮಂಡಿಯೂರಿ ಅಳೆದು ಕೂಗಿದಿರಿ, ನಾನು ಬರೆದುಕೊಂಡೆ, ನನ್ನನ್ನು ನಂಬಿ ನೀವು ಓದದೆಯೇ ಸಹಿ ಹಾಕಿದಿರಿ. ಮರುವರ್ಷ ಆಚೆಯವರು ಅಳೆದಾಗ ಅರ್ಧ ಇಂಚು ಕಡಿಮೆ. ಸೇತುವೆ ಸರಿಯುತ್ತಿದೆಯೆಂದು ಗಾಬರಿಯಾಗಿ ಲಾರಿಗಳನ್ನು ನಿಲ್ಲಿಸಿದರು. ಕೊನೆಗೆ ಸೇತುವೆ ನೆಟ್ಟಗಿದೆ, ಹಿಂದಿನ ಅಳತೆಯೇ ತಪ್ಪು ಎಂದಾಯಿತು. “ಕಣ್ಣು ಕೈ ಕೊಟ್ವು ನೋಡ್ರಿ,” ಎಂದಿರಿ. ಆಮೇಲೆ ಟೇಪು ಮುಟ್ಟಲಿಲ್ಲ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ನಂಬದೆ, ಕಾರು ಓಡಿಸುವುದನ್ನೂ ಬಿಟ್ಟಿರಿ.

ನೀವು ತೀರಿಕೊಂಡ ದಿನ ಬೆಳಿಗ್ಗೆ ನಿಮ್ಮ ಹೆಂಡತಿ, ನಮ್ಮ ಆಂಟಿ, ಫೋನ್ ಮಾಡಿದರು. “ಪೌಣೇ ಹತ್ತಕ್ಕ ಕರ್ಕೊಂಡ್ ಹೋಗ್ತಾರವ್ವಾ, ಲಗೂನ ಬಾ.” ಸುಬಾಂಗ್ ಜಯಾದ ನನ್ನ ಮನೆಯಿಂದ ಹೊರಟು ಪುಚೊಂಗ್‌ನ ನಿಮ್ಮ ಮನೆ ತಲುಪಿದಾಗ ಸರಿಯಾಗಿ ಹತ್ತು. ಹತ್ತೂಕಾಲಿಗಲ್ಲವೇ, ಇನ್ನೂ ಸಮಯವಿದೆ ಎಂದುಕೊಂಡು ಒಳಗೆ ಹೋದರೆ ಯಾರೂ ಇಲ್ಲ. ನಿಮ್ಮ ಮೊಮ್ಮಗಳೊಬ್ಬಳೇ ಬಾಗಿಲು ತೊಳೆಯುತ್ತಿದ್ದಳು. “ಆಲ್‌ರೆಡಿ ಗಾನ್ ಲಾ, ಆಂಟಿ. ಅಜ್ಜಿ ಟೋಲ್ಡ್ ಯೂ ಪೌಣೇ ಹತ್ತು, ನೋ? ಕ್ವಾರ್ಟರ್ ಟು ಟೆನ್.”

ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಪೌಣೇ ಎಂದರೆ ಕಾಲು ಕಮ್ಮಿ. ನಾನು ಇಷ್ಟು ವರ್ಷ ಕಾಲು ಜಾಸ್ತಿ ಎಂದುಕೊಂಡಿದ್ದೆ. ಸೇತುವೆಯ ಮೇಲೆ ನೀವು ಕೂಗಿದ್ದು ‘ಪೌಣೇ ಮೂರು’, ನಾನು ಬರೆದದ್ದು ಮೂರೂಕಾಲು. ಹಾಗೆಂದರೆ ಎಷ್ಟು ಸರ್ ಎಂದು ಒಂದು ಮಾತು ಕೇಳಿದ್ದರೆ... ಕೇಳಿದರೆ ಮೈಸೂರಿನವರಿಗೆ ಕನ್ನಡವೇ ಬರುವುದಿಲ್ಲ ಎಂದು ಎಲ್ಲರೆದುರು ಆಡಿಕೊಳ್ಳುತ್ತೀರಿ ಎಂದು ಸುಮ್ಮನಿದ್ದೆ. ಅಷ್ಟಕ್ಕೆ ನೀವು ಇರುವವರೆಗೂ ನಿಮ್ಮ ಕಣ್ಣನ್ನೇ ಅನುಮಾನಿಸಿದಿರಿ. ಕೊನೆಗೆ ನಿಮ್ಮ ಮುಖ ನೋಡಲೂ ನನಗಾಗಲಿಲ್ಲ. ನಾಚಿಕೆಯಾಗುತ್ತದೆ ಸರ್. ಎಂಟು ತಿಂಗಳು ಇದನ್ನು ಯಾರಿಗೂ ಹೇಳದೆ ಇದ್ದೆನಲ್ಲ, ಅದಕ್ಕೂ.

ಮೊನ್ನೆ ಚರಿತ್ರೆ ಬರೆದು ಕಳಿಸಿದೆ. ‘ಕುಲಕರ್ಣಿಯವರ ಅಳತೆ ಸರಿಯಾಗಿತ್ತು, ಬರೆದುಕೊಂಡ ಶೈಲಜಾ ತಪ್ಪು ಬರೆದಳು’ ಎಂದು ಹಾಕಿದ್ದೇನೆ. ಹೊಸ ಸೇತುವೆಯ ಕೆಲಸ ನನಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಡದಿದ್ದರೂ ಆ ಸಾಲನ್ನು ತಿದ್ದಲು ಬಿಡುವುದಿಲ್ಲ.

ನಿನ್ನೆ ಆಂಟಿಯ ಎದುರು ಕುಳಿತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: “‘ನಿನ್ನ ಮಾರಿ ಸುದ್ದಾ ಸರಿ ಕಾಣಂಗಿಲ್ಲ’ ಅಂತ ಇವ್ರು ನನಗ ಅಂತಿದ್ರವ್ವಾ. ಹಂಗಾರ ನನ್ನ ಮಾರಿ ಅವ್ರಿಗೆ ಕಾಣ್ತಿತ್ತೇನು?”

ಕಾಣುತ್ತಿತ್ತು ಆಂಟಿ, ಚೆನ್ನಾಗಿ ಕಾಣುತ್ತಿತ್ತು ಎಂದೆ.

ಶೈಲಜಾ