ಮಜ್ಜಿಗೆ ಬಣ್ಣದ ಆಯಿಲ್

೯ ಫೆಬ್ರುವರಿ, ಭಾನುವಾರ

ಗಾಡಿಯ ಆಯಿಲ್ ಬದಲಿಸಿದೆ. ನಾನೇ. ಬೈಲಹೊಂಗಲದಲ್ಲಿ ಹೆಂಗಸು ಬೈಕಿನ ಕೆಳಗೆ ಕೈಹಾಕಿ ನಟ್ಟು ಬಿಚ್ಚಿದರೆ ಓಣಿಗೆ ಓಣಿಯೇ ಸೇರುತ್ತದೆ. ಸೇರಲಿ.

ಕಂಪನಿಯ ಪುಸ್ತಕದಲ್ಲಿ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಎಂದಿದೆ. ಭರತ ಎರಡಕ್ಕೇ ಬದಲಿಸುತ್ತಿದ್ದ. ನನ್ನ ಹುಟ್ಟುಹಬ್ಬ ಮರೆಯುತ್ತಿದ್ದ, ಆಯಿಲ್ ಮರೆಯುತ್ತಿರಲಿಲ್ಲ. ನಟ್ಟು ಬಿಚ್ಚುವಾಗ ಬಲಗೈಯ ತಾಮ್ರದ ಕಡಗ ಇಂಜಿನ್ನಿಗೆ ತಾಗಿ ಟಣ್ ಎನ್ನುತ್ತಿತ್ತು. ಆ ಸದ್ದಿಗೇ ನಾನು ಚಹಾ ಇಡುತ್ತಿದ್ದೆ.

ನಾಲ್ಕು ತಿಂಗಳಾಯಿತು. ಬೀಜದ ಕಂಪನಿಯ ಕೆಲಸಕ್ಕೆಂದು ಸವದತ್ತಿಗೆ ಹೋದವನು. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಗಾಡಿ ನಿಂತಿತ್ತು — ಕನ್ನಡಿಗೆ ಹೆಲ್ಮೆಟ್ಟು, ಕೀಲಿ ಹಾಗೇ, ಗಾಡಿ ಒಣಒಣ. ಗಂಡ ಮಾತ್ರ ಇಲ್ಲ. ನೀರಿಗಿಳಿದು ಹುಡುಕಿದವರಿಗೆ ಏನೂ ಸಿಗಲಿಲ್ಲ. ಸಿಕ್ಕಿಲ್ಲ ಅಂದಮೇಲೆ ಎಲ್ಲೋ ಇದ್ದಾನೆ ಎಂದು ಅತ್ತೆ ಗಂಗೂಬಾಯಿಯ ಲೆಕ್ಕ. ನನ್ನದೂ.

ಹಳೇ ಆಯಿಲ್ ಕಪ್ಪಗೆ ಬರಬೇಕು. ಬೆಳ್ಳಗೆ ಬಂತು. ಮಜ್ಜಿಗೆಯ ಹಾಗೆ, ನೊರೆನೊರೆ.

೧೦ ಫೆಬ್ರುವರಿ

ಗ್ಯಾರೇಜಿನ ಮಾಳಪ್ಪಣ್ಣನಿಗೆ ಬಾಟಲಿಯಲ್ಲಿ ಒಯ್ದು ತೋರಿಸಿದೆ.

"ಆಯಿಲಿನ್ಯಾಗ ನೀರ ಕೂಡೈತ್ರಿ ಅಕ್ಕಾರ. ಗಾಡಿ ಹೊಳ್ಯಾಗ ಇಳಿಸಿದ್ರೇನು?"

"ಮಳಿ ಹೋಗಿ ಎಷ್ಟ ದಿನಾ ಆತೋ ಅಣ್ಣಾ. ಎಲ್ಲಿ ಹೊಳಿ?"

"ಹಂಗಾರ ಭಾಳ ದಿನಾ ನಿಂತಿತ್ತಲ್ರಿ, ಒಳಗ ಬೆವತಿರತೈತಿ. ಪ್ಯಾಕಿಂಗ್ ಹೊಸಾದ ಹಾಕತೇನಿ. ಐದನೂರ ಕಿಲೋಮೀಟರಕ್ಕ ಒಮ್ಮೆ ಬಿಚ್ಚಿ ನೋಡ್ರಿ."

ಮಾಮೂಲಿ ಆಯಿಲ್ ಬೇಡ, ಫುಲ್ ಸಿಂಥೆಟಿಕ್ ಹಾಕಿ ಎಂದ. ಬೇಡವೆಂದೆ. ಭರತ ಹಾಕುತ್ತಿದ್ದದ್ದೇ ಇರಲಿ, ಮಾಮೂಲಿ ಟ್ವೆಂಟಿ-ಫಾರ್ಟಿ ಆಯಿಲ್. ಬಂದವನು ಮೊದಲು ಅದನ್ನೇ ಕೇಳುತ್ತಾನೆ.

೯ ಮಾರ್ಚ್

ದಿನಾ ನೇಸರಗಿ ಪಂಚಾಯತಿ ಆಫೀಸಿಗೆ ಹೋಗಿ ಬರುವುದು, ಅಷ್ಟೇ ನನ್ನ ಓಡಾಟ. ರಸ್ತೆಯಲ್ಲಿ ಧೂಳು ಬಿಟ್ಟರೆ ಬೇರೇನಿಲ್ಲ. ಐನೂರು ತುಂಬಿತೆಂದು ಬಿಚ್ಚಿದರೆ ಮತ್ತೆ ಮಜ್ಜಿಗೆ. ಹಾಕಿದ್ದು ಒಂದು ಲೀಟರ್. ಬೋಗಾಣಿಗೆ ಬಂದದ್ದು ಒಂದೂವರೆ. ಕೆಸರಿನ ವಾಸನೆ. ಮೀನಿನದೂ.

ಮಾಳಪ್ಪಣ್ಣ ಬೆರಳಲ್ಲಿ ಮುಟ್ಟಿ ನೋಡಿದ. ಒಂದು ಎಳೆ ಪಾಚಿ ಹತ್ತಿಕೊಂಡಿತ್ತು. ಕೈ ಒರೆಸಿದ, ಮತ್ತೆ ಒರೆಸಿದ.

"ಮಾರಿಬಿಡ್ರಿ ಅಕ್ಕಾರ, ಈ ಗಾಡಿ ಬ್ಯಾಡ."

ಇನ್ನು ಅವನಂತೂ ಈ ಗಾಡಿ ಮುಟ್ಟುವುದಿಲ್ಲವಂತೆ. ಹೆದರುಪುಕ್ಕಲ!

೧೬ ಮಾರ್ಚ್

ತಮ್ಮ ಬಾಳು ಬಂದಿದ್ದ. ಕುಂತವನೇ ಶುರು ಮಾಡಿದ. "ಅಕ್ಕಾ, ಎಷ್ಟ ದಿನಾ ಹಿಂಗ? ಮಾಮಾಂದು ಕ್ರಿಯಾ ಮಾಡಿ ಮುಗಸೂಣು."

ತಾಟು ಬಡಿದು ಎದ್ದೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ರಾತ್ರಿ ಊಟ ಮಾಡಲಿಲ್ಲ.

ಅತ್ತೆ ಹುಣ್ಣಿಮೆಗೊಮ್ಮೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬೇಡಿಕೊಳ್ಳುತ್ತಾರೆ. ನಾನು ಚೇಷ್ಟೆ ಮಾಡುತ್ತಿದ್ದೆ. ಇವತ್ತು ನಾನೂ ಬೇಡಿಕೊಂಡೆ, ದೇವರಿಗಲ್ಲ, ಗಾಡಿಗೆ. ಆಯಿಲ್ ಹಾಕಿದ ಹಾಗೇ ತಿಳಿಯಾಗಿ ಹೊರಬಂದ ದಿನ ಭರತನ ಸುದ್ದಿ ಬರಬೇಕು. ಅಲ್ಲಿಯವರೆಗೆ ಕ್ರಿಯೆಯಿಲ್ಲ, ಕರ್ಮವಿಲ್ಲ. ಇನ್ನು ಪ್ರತಿ ಭಾನುವಾರ ಬದಲಿಸುತ್ತೇನೆ. ನಗುವವರು ನಗಲಿ.

೨೩ ಮಾರ್ಚ್

ಮಜ್ಜಿಗೆ. ಎಣ್ಣೆ ಸೋರುವಾಗ ಇಂಜಿನ್ನಿನೊಳಗಿಂದ ಸದ್ದು ಬಂತು. ಟಣ್.

ಕಾದ ಕಬ್ಬಿಣ ಆರುವಾಗ ಹಾಗೆ ಸದ್ದಾಗುತ್ತದೆ. ಗೊತ್ತು. ಆದರೂ ಒಳಗೆ ಹೋಗಿ ಚಹಾ ಇಟ್ಟೆ. ಎರಡು ಕಪ್ಪು.

೩೦ ಮಾರ್ಚ್, ಯುಗಾದಿ

ಹಬ್ಬವಾದರೂ ಭಾನುವಾರ ಭಾನುವಾರವೇ. ಹೋದ ವಾರದ ಹಳೇ ಎಣ್ಣೆಯನ್ನು ಅತ್ತೆ ಹಿತ್ತಲ ಬಾಗಿಲಿಗೆ ಬಳಿದಿದ್ದರು, ಗೆದ್ದಲು ಹತ್ತಬಾರದೆಂದು. ಎಲ್ಲರೂ ಬಳಿಯುತ್ತಾರೆ. ಆದರೆ ನಮ್ಮ ಬಾಗಿಲು ಒಣಗುತ್ತಿಲ್ಲ. ಬೆಳಿಗ್ಗೆ ಕೆಳಗೆ ನೀರು ನಿಂತಿರುತ್ತದೆ. ನಾನು ಒರೆಸುತ್ತೇನೆ, ಅತ್ತೆ ನೋಡುತ್ತಾರೆ.

೨೦ ಏಪ್ರಿಲ್

ನವಿಲುತೀರ್ಥಕ್ಕೆ ಹೋಗಿದ್ದೆ. ಅದೇ ಜಾಗ. ಆಗ ಗಾಡಿಯ ಚಕ್ರದ ಹತ್ತಿರವೇ ಇದ್ದ ನೀರು ಈಗ ಎಷ್ಟೋ ದೂರ. ಬಿರುಕುಬಿಟ್ಟ ಕೆಸರು, ಮುಳುಗಿದ್ದ ಹೊಲಗಳ ಬದುಗಳು. ಕುರಿ ಮೇಯಿಸುತ್ತಿದ್ದ ರಾಮವ್ವ ಎಂಬ ಮುದುಕಿ ಮಾತಾಡಿಸಿದಳು.

"ಬಿಸಲಾಗ ಒಬ್ಬಾಕಿನ ಯಾಕ ನಿಂತೀಯವ್ವಾ?"

"ನಮ್ಮವರು ಇಲ್ಲೇ ಗಾಡಿ ನಿಲ್ಲಿಸಿದ್ರು."

ಅವಳು ನೀರಿನ ಕಡೆ ನೋಡಿದಳು. "ಈ ಸಲ ಭಾಳ ಇಳದೈತಿ. ಇನ್ನೂ ಇಳೀತೈತಿ."

ಮನೆಗೆ ಬಂದು ಆಯಿಲ್ ಬಿಚ್ಚಿದೆ. ಮಜ್ಜಿಗೆಯಲ್ಲ! ಹಾಲು ಹಾಕಿದ ಚಹಾದ ಬಣ್ಣ. ಮೊದಲ ಸಲ ನೀರು ಕಡಿಮೆಯಾಗಿದೆ.

೪ ಮೇ

ಕರಿ ಚಹಾ. ನೊರೆಯಿಲ್ಲ. ಬಾಗಿಲ ಕೆಳಗೂ ಸ್ವಲ್ಪ ತೇವ, ಅಷ್ಟೇ. ಅಲ್ಲಿ ನೀರು ಇಳಿದ ಹಾಗೆಲ್ಲ ಇಲ್ಲಿ ಎಣ್ಣೆ ತಿಳಿಯಾಗುತ್ತಿದೆ. ಯಾಕೆಂದು ಕೇಳಿಕೊಳ್ಳುವುದಿಲ್ಲ. ಒಳ್ಳೆಯದಾಗುತ್ತಿರುವಾಗ ಕೆದಕಬಾರದು.

ಭರತನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿಟ್ಟೆ.

೧೮ ಮೇ, ಸಂಜೆ

ಬಂತು! ಜೇನಿನ ಬಣ್ಣ. ವಾರವಿಡೀ ಓಡಿದ ಆಯಿಲ್ ಸ್ವಲ್ಪವಾದರೂ ಕಪ್ಪಾಗಬೇಕಲ್ಲ, ಅದೂ ಇಲ್ಲ. ಡಬ್ಬಿಯಿಂದ ಈಗಷ್ಟೇ ಸುರಿದ ಹಾಗಿದೆ. ಕಿರುಚಿ ಅತ್ತೆಯನ್ನು ಕರೆದೆ. ಮಂಡಿನೋವು ಮರೆತು ಕುಕ್ಕರಗಾಲಲ್ಲಿ ಕೂತು ಮೂಸಿ ನೋಡಿದರು.

"ಕೆಸರಿನ ವಾಸನಿ ಹೋತಲ್ಲ ಶೀತಲ್."

"ಹೋತ್ರಿ ಅತ್ತಿ."

"ಬರತಾನ."

"ಬರತಾರ್ರಿ ಅತ್ತಿ. ಖರೇನ ಬರತಾರ."

ಹಿತ್ತಲ ಬಾಗಿಲು ಒಣಗಿದೆ. ಕೈಯಿಟ್ಟು ನೋಡಿದೆ. ಅತ್ತೆ ಶೇಂಗಾ ಹೋಳಿಗೆಗೆಂದು ಶೇಂಗಾ ಹುರಿಯಲಿಟ್ಟಿದ್ದಾರೆ, ಅವನಿಗೆ ಇಷ್ಟವೆಂದು. ನಾನು ಎಣ್ಣೆಗೈಯಲ್ಲೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಎಷ್ಟು ದಿನಗಳ ಮೇಲೆ ಹಸಿವೆಯಾಗಿದೆ...

ಒಳಗೆ ನನ್ನ ಫೋನು. ಅತ್ತೆ ಎತ್ತಿದರು.

"ಹೌದ್ರಿ, ನಾನ ಭರತನ ಅವ್ವ... ಸವದತ್ತಿ ಠಾಣೇದಿಂದೇನ್ರಿ? ಸಿಕ್ಕಾನ್ರಿ? ಶೀತಲ್! ಸಿಕ್ಕಾನಂತ!"

ಎಂಥ ದನಿ. ಇಂಥ ದನಿ ಅತ್ತೆಯಲ್ಲಿತ್ತೆಂದೇ ಗೊತ್ತಿರಲಿಲ್ಲ. ನಗುನಗುತ್ತಾ ಗುರುತು ಹೇಳುತ್ತಿದ್ದಾರೆ — ನೀಲಿ ಚೌಕಡಿ ಅಂಗಿ, ಗಿಡ್ಡ ಮೀಸೆ. ಠಾಣೆಯವರಿಗೆ ಅದು ಬೇಡವಂತೆ. ಕಡಗದ ಬಗ್ಗೆ ಮಾತ್ರ ಕೇಳುತ್ತಿದ್ದಾರೆ.

"ಹೌದ್ರಿ, ತಾಮ್ರದ್ದು. ಬಲಗೈಯಾಗ... ಎಲ್ಲಿ ಅಂದ್ರಿ? ನೀರ ಇಳದಲ್ಲಿ?"

ಶೇಂಗಾ ಸೀಯುತ್ತಿದೆ. ಅತ್ತೆ ಇನ್ನೂ ನಗುತ್ತಿದ್ದಾರೆ, ಅವರಿಗೆ ಇನ್ನೂ ತಿಳಿದಿಲ್ಲ, ನಾನು ಹೋಗಿ ಫೋನು