ಹೊಸ ಜಾಕೆಟ್ ಯಾವುದು?

ತುಮಕೂರು
14-8-2003

ಅಕ್ಕ, ಕ್ಷೇಮವಾಗಿ ತಲುಪಿದೆ.

ಅಂತರಸನಹಳ್ಳಿಯ ಈ ಕಾರ್ಖಾನೆಯಲ್ಲಿ ಹರಿದು ವಾಪಸ್ ಬಂದ ಚಾರಣದ ಜಾಕೆಟ್‌ಗಳನ್ನು ಹೊಲಿದು ಮತ್ತೆ ಮಾರುತ್ತಾರೆ. ಹೊಲಿಗೆ ಎದ್ದು ಕಾಣುತ್ತದೆಂದು, ತಪಾಸಣೆಗೆ ಬಂದ ನಾನು ವರದಿ ಕೊಟ್ಟರೆ ಎಂಟು ಹೆಂಗಸರ ರಿಪೇರಿ ವಿಭಾಗ ಮುಚ್ಚುತ್ತದೆ. ನಿನ್ನೆ ಅವರಲ್ಲಿ ಹಿರಿಯರಾದ ಪುಟ್ಟತಾಯಮ್ಮ ಎರಡು ಜಾಕೆಟ್ ತಂದಿಟ್ಟರು. "ಒಂದು ಹೊಸ್ದು, ಒಂದು ನಾವು ಹೊಲ್ದಿರಾದು. ಯಾವ್ದು ಯಾವ್ದು ಹೇಳಿ ಮೇಡಮ್ನೋರೆ, ನೋಡಾಣ." ಕನ್ನಡಕ ಒರೆಸಿಕೊಂಡು ನೋಡಿ, ಒಂದರ ತೋಳು ಹಿಡಿದು, "ಇದೇ ರಿಪೇರಿಯದು, ಹೊಲಿಗೆ ಸೊಟ್ಟ" ಎಂದೆ. "ಅಯ್ಯೋ, ಅದೇ ಹೊಸ್ದು ಕಣ್ರೀ!" ಎಂದು ಎಂಟೂ ಜನ ನಕ್ಕುಬಿಟ್ಟರು.

ವಿಭಾಗ ಇರಲೇಬೇಕೆಂದು ಬರೆದು ಇವತ್ತು ವರದಿ ಕಳಿಸಿದೆ. ನ್ಯಾಯಕ್ಕೋ ನಾಚಿಕೆಗೋ ತಿಳಿಯದು. ಕೆಮ್ಮು ಕಡಿಮೆಯಾಗಿದೆ, ಔಷಧ ಕಳಿಸಬೇಡ.

ಈಗ ಬರೆಯುವಾಗ ಹೊಳೆಯಿತು: ಪುಟ್ಟತಾಯಮ್ಮ ತಂದಿಟ್ಟದ್ದು ಎರಡೂ ಹೊಸ ಜಾಕೆಟ್ಟೇ ಆಗಿದ್ದರೆ? ಕೇಳಿ ನೋಡುವಷ್ಟು ದಡ್ಡಿಯಲ್ಲ ನಾನು.

ನಂದಿತಾ